ಸ್ಪ್ಲೈನ್ ಹಾಕಿದರೂ ಗೆರೆ ಕುಣಿಯುತ್ತಿದೆಯೇ? ಸ್ಥಿರತೆಯನ್ನು ಹಂತ ಹಂತವಾಗಿ ಪರೀಕ್ಷಿಸುವ ಬಗೆ

"ಸ್ಪ್ಲೈನ್ ಬಳಸಿದರೆ ಗೆರೆ ಅಲುಗಾಡುವುದಿಲ್ಲ ಅಂತ ಓದಿದ್ದೆ. ನನ್ನ ಗ್ರಾಫ್ ಯಾಕೆ ಹೀಗೆ ಕುಣಿಯುತ್ತಿದೆ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೆಲವರು ಇದನ್ನೇ ಬೇರೆ ರೀತಿ ಕೇಳುತ್ತಾರೆ: ತುದಿಯಲ್ಲಿ ಗೆರೆ ಯಾಕೆ ಬಾಗುತ್ತದೆ, ಡೆರಿವೇಟಿವ್ ತೆಗೆದರೆ ಯಾಕೆ ಗರಗಸದ ಹಾಗೆ ಬರುತ್ತದೆ, ಪಾಯಿಂಟ್ ಜಾಸ್ತಿ ಮಾಡಿದಷ್ಟೂ ಯಾಕೆ ಕೆಡುತ್ತದೆ. ಇವೆಲ್ಲದರ ಬೇರು ಒಂದೇ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಕ್ಯೂಬಿಕ್ ಸ್ಪ್ಲೈನ್ ವಿಧಾನ ತುಂಬಾ ಗಟ್ಟಿಯಾದದ್ದು. ಅದು ಕೆಟ್ಟಂತೆ ಕಂಡರೆ ಹೆಚ್ಚಾಗಿ ಕೆಟ್ಟಿರುವುದು ನಾವು ಅದರ ಸುತ್ತ ಮಾಡಿದ ಆಯ್ಕೆ: ತುದಿಗೆ ಹಾಕಿದ ನಿಯಮ, ನಾಟ್ ಇಟ್ಟ ಜಾಗ, ನಾಯ್ಸ್ (ಅಳತೆಯಲ್ಲಿ ಸೇರಿಕೊಳ್ಳುವ ಅಡ್ಡಾದಿಡ್ಡಿ ಚಿಕ್ಕ ತಪ್ಪುಗಳು) ಇರುವ ಡೇಟಾದ ಮೇಲೆ ಇಟ್ಟ ಅತಿಯಾದ ನಂಬಿಕೆ, ಲೆಕ್ಕಕ್ಕೆ ಆರಿಸಿದ ದಾರಿ. ಇವುಗಳಲ್ಲಿ ತಪ್ಪು ಯಾವುದರದ್ದು ಎಂದು ಬೇರೆ ಮಾಡಿ ನೋಡುವುದನ್ನು ಕಲಿತರೆ ಸಾಕು.

ಮೊದಲು ಕೆಲವು ಪದಗಳು

ಸ್ಪ್ಲೈನ್ ಎಂದರೆ ಚಿಕ್ಕ ಚಿಕ್ಕ ಬಹುಪದೋಕ್ತಿ ತುಂಡುಗಳನ್ನು ನಯವಾಗಿ ಜೋಡಿಸಿ ಮಾಡಿದ ಗೆರೆ. ಕ್ಯೂಬಿಕ್ ಸ್ಪ್ಲೈನ್‌ನಲ್ಲಿ ಪ್ರತಿ ತುಂಡೂ ಮೂರನೇ ಘಾತದ್ದು. ತುಂಡುಗಳು ಸೇರುವ ಕಡೆ ಬೆಲೆ, ಇಳಿಜಾರು (ಮೊದಲ ಡೆರಿವೇಟಿವ್), ಎರಡನೇ ಡೆರಿವೇಟಿವ್ (ಇಳಿಜಾರು ಬದಲಾಗುವ ದರ) ಮೂರೂ ಹೊಂದಿಕೊಳ್ಳುತ್ತವೆ. ಆ ಸೇರುವ ಜಾಗಕ್ಕೆ ನಾಟ್ ಎನ್ನುತ್ತಾರೆ. ಎರಡು ನಾಟ್‌ಗಳ ನಡುವಿನ ದೂರವನ್ನು ಇಲ್ಲಿ ಹೆಜ್ಜೆ ಎಂದು ಕರೆಯುತ್ತೇನೆ.

ಇಂಟರ್ಪೊಲೇಶನ್ ಎಂದರೆ ಕೊಟ್ಟ ಎಲ್ಲ ಬಿಂದುಗಳ ಮೂಲಕವೂ ಹಾಯುವ ಗೆರೆ ಹಾಕುವುದು. ಬಿಂದುಗಳ ಹತ್ತಿರ ಹಾದು ಹೋದರೆ ಸಾಕು ಎಂದಾದರೆ ಅದು ಫಿಟ್ಟಿಂಗ್ ಅಥವಾ ಸ್ಮೂತಿಂಗ್.

ಸ್ಥಿರತೆ ಎಂದರೆ ಡೇಟಾದಲ್ಲಿ ಚಿಕ್ಕ ತಪ್ಪಾದರೆ ಗೆರೆಯಲ್ಲೂ ಚಿಕ್ಕ ತಪ್ಪೇ ಆಗಬೇಕು ಎಂಬ ಗುಣ. ಇದರಲ್ಲಿ ಎರಡು ಬಗೆ ಇದೆ, ಕಲಸಿಕೊಳ್ಳಬೇಡಿ. ಒಂದು ವಿಧಾನದ ಸ್ಥಿರತೆ: ಲೆಕ್ಕ ಪೂರ್ತಿ ಸರಿಯಾಗಿ ಮಾಡಿದರೂ ಡೇಟಾದ ತಪ್ಪು ಎಷ್ಟು ಪಟ್ಟು ಹಿಗ್ಗುತ್ತದೆ? ಇನ್ನೊಂದು ಲೆಕ್ಕದ ಸ್ಥಿರತೆ: ಕಂಪ್ಯೂಟರ್ ಪ್ರತಿ ಸಂಖ್ಯೆಯನ್ನೂ ಸುಮಾರು 16 ಅಂಕಿಗೆ ಕತ್ತರಿಸುತ್ತದಲ್ಲ, ಆ ಚೂರು ತಪ್ಪುಗಳು ಎಷ್ಟು ಬೆಳೆಯುತ್ತವೆ?

ಮೊದಲನೆಯದನ್ನು ಅಳೆಯುವ ಅಳತೆಗೆ ಲೆಬೆಗ್ ಸ್ಥಿರಾಂಕ ಎಂದು ಹೆಸರು. ಪ್ರತಿ ಬಿಂದುವಿನಲ್ಲೂ ತಪ್ಪು 1ನ್ನು ಮೀರದಿದ್ದರೆ, ಗೆರೆಯಲ್ಲಿ ಅದು ಎಷ್ಟರವರೆಗೆ ಹೋಗಬಹುದು ಎಂಬ ಸಂಖ್ಯೆ ಅದು. ಎರಡನೆಯದಕ್ಕೆ ಕಂಡೀಶನ್ ನಂಬರ್ ನೋಡುತ್ತೇವೆ. ಅದು 1ರ ಹತ್ತಿರ ಇದ್ದರೆ ಒಳ್ಳೆಯದು, 10ರ ಘಾತಗಳಲ್ಲಿ ಬೆಳೆದರೆ ಅಷ್ಟಷ್ಟು ಅಂಕಿಗಳನ್ನು ಕಳೆದುಕೊಳ್ಳುತ್ತೀರಿ.

ಕೈಯಲ್ಲಿ ಇರಬೇಕಾದದ್ದು

ನಿಮ್ಮ ಡೇಟಾ, ಅದರಲ್ಲಿ ಅಳತೆಯ ತಪ್ಪು ಸುಮಾರು ಎಷ್ಟಿರಬಹುದು ಎಂಬ ಅಂದಾಜು, ಮತ್ತು ಸ್ಪ್ಲೈನ್ ಸೌಲಭ್ಯ ಇರುವ ಯಾವುದಾದರೂ ಸಾಫ್ಟ್‌ವೇರ್. ಪೈಥಾನ್‌ನ ಸೈಪೈ, ಮ್ಯಾಟ್‌ಲ್ಯಾಬ್, ಆರ್ ಯಾವುದಾದರೂ ಸರಿ. ಅಳತೆಯ ತಪ್ಪಿನ ಅಂದಾಜು ಇಲ್ಲದೆ ಮುಂದೆ ಹೋಗಬೇಡಿ. ಥರ್ಮಾಮೀಟರ್ 0.1 ಡಿಗ್ರಿವರೆಗೆ ಮಾತ್ರ ತೋರಿಸುತ್ತದೆ ಎಂಬಷ್ಟು ಗೊತ್ತಿದ್ದರೂ ನಡೆಯುತ್ತದೆ.

ಹಂತ 1: ಗೊತ್ತಿರುವ ಫಂಕ್ಷನ್ ಮೇಲೆ ಓಡಿಸಿ

ನಿಮ್ಮ ಡೇಟಾ ಮುಟ್ಟುವ ಮುಂಚೆ, ಉತ್ತರ ಗೊತ್ತಿರುವ ಒಂದು ಫಂಕ್ಷನ್ ತೆಗೆದುಕೊಳ್ಳಿ. ಜರ್ಮನ್ ಗಣಿತಜ್ಞ ಕಾರ್ಲ್ ರುಂಗೆ 1901ರಲ್ಲಿ ತೋರಿಸಿದ ಉದಾಹರಣೆಗಿಂತ ಒಳ್ಳೆಯದು ಸಿಗುವುದು ಕಷ್ಟ: −1ರಿಂದ 1ರವರೆಗೆ 1 ÷ (1 + 25 ಎಕ್ಸ್²). ನೋಡಲು ಸರಳವಾದ ಒಂದು ಗುಡ್ಡ, ಅಷ್ಟೆ.

ಸಮ ಅಂತರದ 11 ಬಿಂದುಗಳನ್ನು ತೆಗೆದುಕೊಂಡು, ಎಲ್ಲದರ ಮೂಲಕ ಹಾಯುವ ಒಂದೇ ಒಂದು ಹತ್ತನೇ ಘಾತದ ಬಹುಪದೋಕ್ತಿ ಹಾಕಿ. ತುದಿಗಳ ಹತ್ತಿರ ತಪ್ಪು ಸುಮಾರು 1.9ಕ್ಕೆ ಏರುತ್ತದೆ. ಫಂಕ್ಷನ್‌ನ ಎತ್ತರವೇ 1 ಎಂಬುದನ್ನು ಮರೆಯಬೇಡಿ. 21 ಬಿಂದು ಮಾಡಿದರೆ ತಪ್ಪು 50ನ್ನೂ ಮೀರುತ್ತದೆ. ಅದೇ 11 ಬಿಂದುಗಳಿಗೆ ಕ್ಯೂಬಿಕ್ ಸ್ಪ್ಲೈನ್ ಹಾಕಿದರೆ ಅತಿ ದೊಡ್ಡ ತಪ್ಪು ಸುಮಾರು 0.02. 21 ಬಿಂದುಗಳಿಗೆ ಸುಮಾರು 0.003.

ಈ ಸಂಖ್ಯೆಗಳು ನಿಮ್ಮ ಪ್ರೋಗ್ರಾಮ್‌ನಲ್ಲಿ ಬರದಿದ್ದರೆ ಅಲ್ಲೇ ನಿಲ್ಲಿ. ದೋಷ ಕೋಡ್‌ನಲ್ಲಿದೆ, ಡೇಟಾದಲ್ಲಲ್ಲ.

ಇಷ್ಟು ವ್ಯತ್ಯಾಸ ಯಾಕೆ? ಸಮ ಅಂತರದ ಬಿಂದುಗಳಲ್ಲಿ ಒಂದೇ ಬಹುಪದೋಕ್ತಿಯ ಲೆಬೆಗ್ ಸ್ಥಿರಾಂಕ 11 ಬಿಂದುಗಳಿಗೆ ಸುಮಾರು 30, 21 ಬಿಂದುಗಳಿಗೆ ಸುಮಾರು 11,000. ಬಿಂದು ಹೆಚ್ಚಿಸಿದಷ್ಟೂ ಅದು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ಸಮ ಅಂತರದ ಕ್ಯೂಬಿಕ್ ಸ್ಪ್ಲೈನ್‌ಗೆ, ತುದಿಗಳಿಂದ ದೂರದಲ್ಲಿ, ಅದು ಸುಮಾರು 1.55 ಮಾತ್ರ. ಬಿಂದು ಹತ್ತಿರಲಿ, ಹತ್ತು ಸಾವಿರವಿರಲಿ, ಅಷ್ಟೇ. ಅಂದರೆ ನಿಮ್ಮ ಪ್ರತಿ ಅಳತೆಯಲ್ಲೂ 0.01ರಷ್ಟು ತಪ್ಪಿದ್ದರೆ ಸ್ಪ್ಲೈನ್ ಗೆರೆಯಲ್ಲಿ ಅದು 0.016ರ ಆಚೆ ಹೋಗುವುದಿಲ್ಲ. 21 ಬಿಂದುಗಳ ಬಹುಪದೋಕ್ತಿಯಲ್ಲಿ ಅದೇ ತಪ್ಪು 110ರವರೆಗೆ ಹೋಗಬಹುದು! ಸ್ಪ್ಲೈನ್ ಬಗ್ಗೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ ಈ ಒಂದು ಸಂಖ್ಯೆ.

ಹಂತ 2: ಒಂದು ಬಿಂದುವನ್ನು ಎತ್ತಿ ನೋಡಿ

ಈಗ ನಿಮ್ಮದೇ ಡೇಟಾ. ಮೊದಲು ಸ್ಪ್ಲೈನ್ ಹಾಕಿ. ಆಮೇಲೆ ನಡುವಿನ ಒಂದು ಬಿಂದುವಿನ ಬೆಲೆಗೆ 1 ಕೂಡಿಸಿ ಮತ್ತೆ ಹಾಕಿ. ಎರಡು ಗೆರೆಗಳ ವ್ಯತ್ಯಾಸವನ್ನು ಗ್ರಾಫ್ ಮಾಡಿ. ಡೇಟಾದ ಬೆಲೆ ಏನೇ ಇರಲಿ, ಈ ವ್ಯತ್ಯಾಸದ ಗೆರೆ ಒಂದೇ ರೀತಿ ಬರುತ್ತದೆ. ಅದು ಅಡ್ಡ ಅಕ್ಷದ ಮೇಲೆ ಬಿಂದುಗಳು ಎಲ್ಲೆಲ್ಲಿವೆ ಎಂಬುದನ್ನೂ ತುದಿಯ ನಿಯಮವನ್ನೂ ಮಾತ್ರ ಅವಲಂಬಿಸಿದೆ.

ಸಮ ಅಂತರವಿದ್ದರೆ ನೀವು ನೋಡಬೇಕಾದದ್ದು ಹೀಗಿರುತ್ತದೆ. ಎತ್ತಿದ ಬಿಂದುವಿನಲ್ಲಿ 1. ಪಕ್ಕದ ಬಿಂದುವನ್ನು ದಾಟಿದ ಕೂಡಲೇ ಕೆಳಗೆ ಸುಮಾರು 0.14ರ ಒಂದು ತಗ್ಗು. ಅದರಾಚೆ ಮೇಲೆ 0.04ರ ಚಿಕ್ಕ ಉಬ್ಬು. ಅದರಾಚೆ 0.01ರ ತಗ್ಗು. ಪ್ರತಿ ಹೆಜ್ಜೆಗೂ ಚಿಹ್ನೆ ಬದಲಾಗುತ್ತದೆ, ಗಾತ್ರ ಸುಮಾರು 27%ಕ್ಕೆ ಇಳಿಯುತ್ತದೆ. ಸರಿಯಾಗಿ ಹೇಳಬೇಕೆಂದರೆ 2ರಿಂದ 3ರ ವರ್ಗಮೂಲ ಕಳೆದರೆ ಸಿಗುವ 0.268. ಹತ್ತು ಹೆಜ್ಜೆ ಆಚೆ ಹೋದರೆ ಹತ್ತು ಲಕ್ಷದಲ್ಲಿ ಎರಡು ಪಾಲಷ್ಟೂ ಉಳಿದಿರುವುದಿಲ್ಲ.

ಒಂದು ಕಡೆಯ ತಪ್ಪು ಅಲ್ಲೇ ಸಾಯುತ್ತದೆ, ಊರೆಲ್ಲ ಹಬ್ಬುವುದಿಲ್ಲ. ಇದು ಕಾಣದಿದ್ದರೆ, ಅಂದರೆ ಅಲೆ ದೂರದವರೆಗೂ ಹೋಗುತ್ತಿದ್ದರೆ ಅಥವಾ ದೊಡ್ಡದಾಗುತ್ತಿದ್ದರೆ, ಮುಂದಿನ ಹಂತಗಳಲ್ಲಿ ಹೇಳುವ ಯಾವುದೋ ಒಂದು ತೊಂದರೆ ನಿಮ್ಮಲ್ಲಿದೆ.

ಎಚ್ಚರ: "ಇನ್ನೂ ನಯ ಬೇಕು" ಎಂದು ಘಾತ ಏರಿಸಬೇಡಿ. ಮೂರನೇ ಘಾತಕ್ಕೆ ಹೆಜ್ಜೆಗೆ 27% ಉಳಿದರೆ, ಐದನೆಯದಕ್ಕೆ 43%, ಏಳನೆಯದಕ್ಕೆ 54% ಉಳಿಯುತ್ತದೆ. ತಪ್ಪು ಹೆಚ್ಚು ದೂರ ಹಬ್ಬುತ್ತದೆ. ನಾಲ್ಕನೇ ಡೆರಿವೇಟಿವ್ ನಿಜವಾಗಿ ಬೇಕಿದ್ದರೆ ಮಾತ್ರ ಐದನೇ ಘಾತ.

ಇನ್ನೊಂದು ಎಚ್ಚರ ಎರಡನೇ ಘಾತದ ಸ್ಪ್ಲೈನ್ ಬಗ್ಗೆ. "ಸುಲಭ" ಎಂದು ಪಾಠದಲ್ಲಿ ಮೊದಲು ಹೇಳಿಕೊಡುವುದು ಇದನ್ನೇ. ಡೇಟಾ ಬಿಂದುಗಳಲ್ಲೇ ನಾಟ್ ಇಟ್ಟು, ಮೊದಲ ಇಳಿಜಾರನ್ನು ಊಹಿಸಿ, ಎಡದಿಂದ ಬಲಕ್ಕೆ ಲೆಕ್ಕ ಮಾಡುತ್ತಾ ಹೋಗುವುದು ಅದರ ರೂಢಿ. ಮೊದಲ ಇಳಿಜಾರಿನಲ್ಲಿ ಆದ ತಪ್ಪು ಅಲ್ಲಿ ಕಡಿಮೆಯಾಗುವುದೇ ಇಲ್ಲ. ಕೂಡು, ಕಳೆ, ಕೂಡು, ಕಳೆ ಎಂದು ಕೊನೆಯ ಬಿಂದುವಿನವರೆಗೂ ಅಷ್ಟೇ ಗಾತ್ರದಲ್ಲಿ ಹೋಗುತ್ತದೆ. ಎರಡನೇ ಘಾತವೇ ಬೇಕು ಎಂದಾದರೆ ನಾಟ್‌ಗಳನ್ನು ಬಿಂದುಗಳ ನಡುವೆ ಇಡಿ.

ಹಂತ 3: ತುದಿಯ ನಿಯಮ ಯಾವುದು ಎಂದು ನೀವೇ ಆರಿಸಿ

ಕ್ಯೂಬಿಕ್ ಸ್ಪ್ಲೈನ್ ಸಮೀಕರಣಗಳಲ್ಲಿ ಯಾವಾಗಲೂ ಎರಡು ಕಡಿಮೆ ಬೀಳುತ್ತವೆ. ಅವನ್ನು ತುದಿಗಳಲ್ಲಿ ನಾವೇ ತುಂಬಬೇಕು. ಹೆಚ್ಚಿನವರು ಸಾಫ್ಟ್‌ವೇರ್ ಕೊಟ್ಟದ್ದನ್ನು ಸುಮ್ನೆ ಒಪ್ಪಿಕೊಳ್ಳುತ್ತಾರೆ. ತುದಿಯ ಬಾಗುವಿಕೆಯ ದೂರುಗಳೆಲ್ಲ ಹುಟ್ಟುವುದು ಇಲ್ಲೇ.

ನ್ಯಾಚುರಲ್: ಎರಡೂ ತುದಿಯಲ್ಲಿ ಎರಡನೇ ಡೆರಿವೇಟಿವ್ ಸೊನ್ನೆ. ಹೆಸರು ಚೆನ್ನಾಗಿದೆ, ಆದರೆ ನಿಮ್ಮ ಫಂಕ್ಷನ್ ತುದಿಯಲ್ಲಿ ನಿಜವಾಗಿ ಬಾಗಿದ್ದರೆ ಇದು ಬಲವಂತವಾಗಿ ನೇರ ಮಾಡುತ್ತದೆ. ಉಳಿದ ಕಡೆ ಹೆಜ್ಜೆ ಅರ್ಧ ಮಾಡಿದರೆ ತಪ್ಪು 16ನೇ ಒಂದು ಭಾಗಕ್ಕೆ ಇಳಿಯುತ್ತದೆ. ತುದಿಯಲ್ಲಿ ಮಾತ್ರ 4ನೇ ಒಂದು ಭಾಗಕ್ಕೆ. ಆದರೆ ಇದು ಸ್ಥಿರತೆಯ ದೋಷವಲ್ಲ, ನಿಖರತೆಯ ದೋಷ. ಈ ತಪ್ಪೂ ಒಳಗೆ ಹೋದಂತೆ ಅದೇ 27%ರ ಲೆಕ್ಕದಲ್ಲಿ ಸಾಯುತ್ತದೆ.

ಕ್ಲ್ಯಾಂಪ್ಡ್: ತುದಿಯ ಇಳಿಜಾರನ್ನು ನೀವೇ ಕೊಡುತ್ತೀರಿ. ನಿಜವಾದ ಇಳಿಜಾರು ಗೊತ್ತಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಉದಾಹರಣೆಗೆ, ನಿಂತಲ್ಲಿಂದ ಹೊರಟ ವಸ್ತುವಿನ ವೇಗ ಮೊದಲ ಕ್ಷಣದಲ್ಲಿ ಸೊನ್ನೆ. ಆಗ ತಪ್ಪು ಎಷ್ಟು ಎಂಬುದಕ್ಕೆ ಖಚಿತ ಮಿತಿಯೂ ಇದೆ: ನಾಲ್ಕನೇ ಡೆರಿವೇಟಿವ್‌ನ ಅತಿ ದೊಡ್ಡ ಬೆಲೆ, ಗುಣಿಸು ಹೆಜ್ಜೆಯ ನಾಲ್ಕನೇ ಘಾತ, ಗುಣಿಸು 5/384. ಗೊತ್ತಿಲ್ಲದ ಇಳಿಜಾರನ್ನು ಊಹಿಸಿ ಹಾಕಿದರೆ, ಊಹೆಯಲ್ಲಿನ ತಪ್ಪು ಗುಣಿಸು ಹೆಜ್ಜೆ, ಅದರ ಆರನೇ ಒಂದು ಭಾಗದಷ್ಟು ತಪ್ಪು ಮೊದಲ ತುಂಡಿನಲ್ಲಿ ಬರುತ್ತದೆ. "ಸೊನ್ನೆ ಹಾಕಿದರಾಯಿತು" ಎನ್ನಬೇಡಿ.

ನಾಟ್-ಅ-ನಾಟ್: ಮೊದಲ ಎರಡು ತುಂಡುಗಳನ್ನು ಒಂದೇ ಬಹುಪದೋಕ್ತಿಯಾಗಿ ಮಾಡುವುದು, ಕೊನೆಯ ಎರಡನ್ನೂ ಹಾಗೇ. ತುದಿಯ ಬಗ್ಗೆ ಏನೂ ಗೊತ್ತಿಲ್ಲದಿದ್ದರೆ ಇದನ್ನೇ ಹಾಕಿ. ಸೈಪೈನ ಕ್ಯೂಬಿಕ್‌ಸ್ಪ್ಲೈನ್‌ನಲ್ಲೂ ಮ್ಯಾಟ್‌ಲ್ಯಾಬ್‌ನ ಸ್ಪ್ಲೈನ್ ಆಜ್ಞೆಯಲ್ಲೂ ನೀವು ಏನೂ ಹೇಳದಿದ್ದರೆ ಬರುವುದು ಇದೇ. ಮ್ಯಾಟ್‌ಲ್ಯಾಬ್ ಬಳಸುವವರು ಒಂದು ಗಮನಿಸಿ: ಅಡ್ಡ ಬೆಲೆಗಳಿಗಿಂತ (ಎಕ್ಸ್) ಉದ್ದದ ಬೆಲೆಗಳು (ವೈ) ಎರಡು ಜಾಸ್ತಿ ಇದ್ದರೆ ಅದು ಮೊದಲನೆಯದನ್ನೂ ಕೊನೆಯದನ್ನೂ ಇಳಿಜಾರು ಎಂದು ತಿಳಿದು ಕ್ಲ್ಯಾಂಪ್ಡ್ ಮಾಡಿಬಿಡುತ್ತದೆ.

ಪೀರಿಯಾಡಿಕ್: ದಿನದ ತಾಪಮಾನ, ಹೃದಯದ ಬಡಿತ ಹೀಗೆ ಸುತ್ತಿ ಬರುವ ಡೇಟಾಗೆ. ಮೊದಲ ಮತ್ತು ಕೊನೆಯ ಬೆಲೆ ಒಂದೇ ಇರಬೇಕು.

ಇನ್ನು ತುದಿಯಾಚೆಗಿನ ಮಾತು. ಸೈಪೈನ ಕ್ಯೂಬಿಕ್‌ಸ್ಪ್ಲೈನ್ ಡೇಟಾ ಮುಗಿದ ಮೇಲೂ ಕೊನೆಯ ತುಂಡನ್ನೇ ಮುಂದುವರಿಸಿ ಉತ್ತರ ಕೊಡುತ್ತದೆ, ಎಚ್ಚರಿಕೆ ಏನೂ ಕೊಡುವುದಿಲ್ಲ. ಅಲ್ಲಿ ಮೇಲಿನ ಯಾವ ಭರವಸೆಯೂ ನಡೆಯುವುದಿಲ್ಲ. ಮೂರನೇ ಘಾತ ಬೇಕಾದಲ್ಲಿಗೆ ಹಾರಿಹೋಗುತ್ತದೆ. ಆ ಆಯ್ಕೆಯನ್ನು ಆಫ್ ಮಾಡಿಯೇ ಕೆಲಸ ಶುರು ಮಾಡಿ.

ಹಂತ 4: ಅಡ್ಡ ಅಕ್ಷದ ಅಂತರಗಳನ್ನು ಪರೀಕ್ಷಿಸಿ

ಪಕ್ಕಪಕ್ಕದ ಎರಡು ಅಂತರಗಳ ಅನುಪಾತ ಲೆಕ್ಕ ಹಾಕಿ. ಎಲ್ಲ ಕಡೆ ಎರಡು, ಎರಡೂವರೆ ಪಟ್ಟಿನೊಳಗೆ ಇದ್ದರೆ ಚಿಂತೆ ಇಲ್ಲ. ಅಂತರಗಳು ಕ್ರಮವಾಗಿ ಚಿಕ್ಕದರಿಂದ ದೊಡ್ಡದಾಗುತ್ತಾ ಹೋಗಲಿ, ಒಮ್ಮೆಲೇ ಹಾರಬಾರದು.

ನಿಜವಾದ ಅಪಾಯ ಹೆಚ್ಚುಕಡಿಮೆ ಒಂದೇ ಜಾಗದಲ್ಲಿರುವ ಎರಡು ಬಿಂದುಗಳದ್ದು. ಸೆನ್ಸರ್ ಲಾಗ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಒಂದು ಲೆಕ್ಕ ನೋಡಿ. ಉಳಿದ ಬಿಂದುಗಳ ಹೆಜ್ಜೆ 1. ಒಂದು ಜೋಡಿಯ ನಡುವೆ ಮಾತ್ರ 0.001. ನಾಯ್ಸ್‌ನಿಂದಾಗಿ ಆ ಎರಡರ ಬೆಲೆಯಲ್ಲಿ 0.05 ವ್ಯತ್ಯಾಸ. ಎರಡರ ಮೂಲಕವೂ ಹಾಯಲೇಬೇಕು ಎಂದರೆ ಗೆರೆಯ ಇಳಿಜಾರು ಅಲ್ಲಿ 50 ಆಗಬೇಕು. ಆ ಇಳಿಜಾರನ್ನು ಹೊತ್ತುಕೊಂಡು ಪಕ್ಕದ ತುಂಡಿಗೆ ಹೋದ ಗೆರೆ ಅಲ್ಲಿ ಸುಮಾರು 8.5ರಷ್ಟು ಎತ್ತರದ ಉಬ್ಬು ಮಾಡುತ್ತದೆ. 0.05ರ ತಪ್ಪು 8.5 ಆಯಿತು! ಹಂತ 1ರಲ್ಲಿ ಹೇಳಿದ 1.55 ಸಮ ಅಂತರಕ್ಕೆ ಮಾತ್ರ ಎಂಬುದು ಇದಕ್ಕೇ.

ಪರಿಹಾರ ಸರಳ. ತೀರಾ ಹತ್ತಿರದ ಬಿಂದುಗಳನ್ನು ಒಂದು ಮಾಡಿ: ಅಡ್ಡ ಬೆಲೆಯ ಸರಾಸರಿ, ಉದ್ದದ ಬೆಲೆಯ ಸರಾಸರಿ. ಅಥವಾ ಇಂಟರ್ಪೊಲೇಶನ್ ಬಿಟ್ಟು ಮುಂದಿನ ಹಂತಕ್ಕೆ ಹೋಗಿ.

ಹಂತ 5: ನಾಯ್ಸ್ ಇದ್ದರೆ ಎಲ್ಲ ಬಿಂದುಗಳ ಮೂಲಕ ಹಾಯುವ ಹಠ ಬಿಡಿ

ಇದು ಅತಿ ಮುಖ್ಯ ಹಂತ. ನನಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇಲ್ಲೇ ಮುಗಿಯುತ್ತವೆ. ಸ್ಪ್ಲೈನ್ ನಾಯ್ಸ್ ಅನ್ನು ದೊಡ್ಡದು ಮಾಡುವುದಿಲ್ಲ, ನಿಜ. ಆದರೆ ಅಳಿಸುವುದೂ ಇಲ್ಲ. ನೀವು ಕೊಟ್ಟ ಪ್ರತಿ ತಪ್ಪು ಬಿಂದುವಿನ ಮೂಲಕವೂ ಅದು ನಿಷ್ಠೆಯಿಂದ ಹಾಯುತ್ತದೆ. "ಪಾಯಿಂಟ್ ಜಾಸ್ತಿ ಮಾಡಿದರೆ ಕುಣಿತ ಜಾಸ್ತಿ" ಎನ್ನುವವರಿಗೆ ಉತ್ತರ ಇದೇ: ಹೆಜ್ಜೆ ಚಿಕ್ಕದಾಗುತ್ತದೆ, ನಾಯ್ಸ್ ಅಷ್ಟೇ ಇರುತ್ತದೆ.

ಎರಡು ದಾರಿಗಳಿವೆ.

ಮೊದಲನೆಯದು ಲೀಸ್ಟ್ ಸ್ಕ್ವೇರ್ಸ್ ಫಿಟ್, ಅಂದರೆ ತಪ್ಪುಗಳ ವರ್ಗಗಳ ಮೊತ್ತ ಆದಷ್ಟು ಕಡಿಮೆ ಇರುವ ಗೆರೆ. 500 ಬಿಂದುಗಳಿದ್ದರೆ 500 ನಾಟ್ ಬೇಡ, 15 ಇಡಿ. ಗೆರೆ ಬಿಂದುಗಳ ನಡುವಿನಿಂದ ಹಾಯಲಿ. ಇಲ್ಲಿ ನೋಡಬೇಕಾದ ನಿಯಮ ಒಂದಿದೆ. 1953ರಲ್ಲಿ ಶೋನ್‌ಬರ್ಗ್ ಮತ್ತು ವಿಟ್ನಿ ಕೊಟ್ಟದ್ದು. ಬಿ-ಸ್ಪ್ಲೈನ್ ಎಂದರೆ ಕೆಲವೇ ಪಕ್ಕದ ನಾಟ್‌ಗಳ ನಡುವೆ ಮಾತ್ರ ಎದ್ದು ಉಳಿದ ಕಡೆ ಸೊನ್ನೆಯಾಗಿರುವ ಒಂದು ಚಿಕ್ಕ ದಿಬ್ಬ. ಇಡೀ ಸ್ಪ್ಲೈನ್ ಇಂಥ ದಿಬ್ಬಗಳ ಮೊತ್ತ. ಪ್ರತಿ ದಿಬ್ಬಕ್ಕೂ ಅದರ ವ್ಯಾಪ್ತಿಯೊಳಗೆ ತನ್ನದೇ ಆದ ಒಂದು ಡೇಟಾ ಬಿಂದು ಸಿಗಬೇಕು, ಎರಡು ದಿಬ್ಬಗಳು ಒಂದನ್ನೇ ಹಂಚಿಕೊಂಡರೆ ಆಗುವುದಿಲ್ಲ. ಸಿಗದಿದ್ದರೆ ಸಮೀಕರಣಗಳಿಗೆ ಒಂದೇ ಉತ್ತರ ಇರುವುದಿಲ್ಲ, ಗೆರೆ ಆ ಖಾಲಿ ಜಾಗದಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ಡೇಟಾ ಇಲ್ಲದ ಕಡೆ ನಾಟ್ ಇಡಬೇಡಿ.

ಈ ನಿಯಮ ಪಾಲಿಸಿ, ಬಿಂದುಗಳನ್ನು ಒತ್ತಾಗಿ ಇಟ್ಟರೆ ಫಿಟ್ ಆಶ್ಚರ್ಯವಾಗುವಷ್ಟು ಗಟ್ಟಿ. ಲೀಸ್ಟ್ ಸ್ಕ್ವೇರ್ಸ್ ಸ್ಪ್ಲೈನ್‌ನಲ್ಲಿ ತಪ್ಪು ಹಿಗ್ಗುವ ಪ್ರಮಾಣಕ್ಕೆ ಒಂದು ಮಿತಿ ಇದೆ, ಅದು ಘಾತವನ್ನು ಮಾತ್ರ ಅವಲಂಬಿಸುತ್ತದೆ, ನಾಟ್‌ಗಳು ಎಷ್ಟೇ ಅಡ್ಡಾದಿಡ್ಡಿ ಇದ್ದರೂ ಸರಿ ಎಂದು ಕಾರ್ಲ್ ದ ಬೋರ್ 1970ರ ದಶಕದಲ್ಲಿ ಊಹಿಸಿದರು. ಬಿಂದುಗಳ ಬದಲು ಇಡೀ ಫಂಕ್ಷನ್ ಕೈಯಲ್ಲಿದೆ ಎಂದುಕೊಂಡ ಲೆಕ್ಕ ಅದು. ಅದನ್ನು ಸಾಧಿಸಿ ತೋರಿಸಿದ್ದು ಅಲೆಕ್ಸಿ ಶಾದ್ರಿನ್, 2001ರಲ್ಲಿ. ಇಂಟರ್ಪೊಲೇಶನ್‌ಗೆ ಈ ಭಾಗ್ಯ ಇಲ್ಲ ಎಂಬುದನ್ನು ಹಂತ 4ರಲ್ಲಿ ನೋಡಿದಿರಿ.

ಎರಡನೆಯದು ಸ್ಮೂತಿಂಗ್ ಸ್ಪ್ಲೈನ್. ಇಲ್ಲಿ ಎರಡು ಆಸೆಗಳ ನಡುವೆ ರಾಜಿ ಮಾಡಿಸುತ್ತೇವೆ: ಬಿಂದುಗಳ ಹತ್ತಿರ ಇರಬೇಕು, ಗೆರೆ ಜಾಸ್ತಿ ಬಾಗಬಾರದು. ಯಾವುದಕ್ಕೆ ಎಷ್ಟು ತೂಕ ಎಂದು ಹೇಳುವ ಒಂದು ಸಂಖ್ಯೆ ಇರುತ್ತದೆ. ಅದನ್ನು ಕಣ್ಣಂದಾಜಿನಲ್ಲಿ ಆರಿಸುವ ಬದಲು ಡೇಟಾದಿಂದಲೇ ಆರಿಸುವ ವಿಧಾನಕ್ಕೆ ಜಿಸಿವಿ, ಅಂದರೆ ಜನರಲೈಸ್ಡ್ ಕ್ರಾಸ್ ವ್ಯಾಲಿಡೇಶನ್ ಎಂದು ಹೆಸರು. ಒಂದೊಂದು ಬಿಂದುವನ್ನು ಬಿಟ್ಟು ಗೆರೆ ಹಾಕಿದಾಗ ಆ ಬಿಟ್ಟ ಬಿಂದುವನ್ನು ಎಷ್ಟು ಚೆನ್ನಾಗಿ ಊಹಿಸುತ್ತದೆ ಎಂದು ಅದು ನೋಡುತ್ತದೆ. ಆರ್‌ನ ಸ್ಮೂತ್ ಸ್ಪ್ಲೈನ್ ಮತ್ತು ಸೈಪೈನ ಮೇಕ್ ಸ್ಮೂತಿಂಗ್ ಸ್ಪ್ಲೈನ್ ಎರಡೂ ತಾವಾಗಿಯೇ ಇದನ್ನು ಮಾಡುತ್ತವೆ. ಒಂದು ಮಿತಿ ನೆನಪಿಡಿ: ನಾಯ್ಸ್ ಒಂದಕ್ಕೊಂದು ಸಂಬಂಧವಿಲ್ಲದ್ದಾಗಿರಬೇಕು. ಸೆನ್ಸರ್ ನಿಧಾನವಾಗಿ ಜಾರುತ್ತಿದ್ದರೆ ಜಿಸಿವಿ ಆ ಜಾರುವಿಕೆಯನ್ನೇ ನಿಜವಾದ ಸಿಗ್ನಲ್ ಎಂದು ನಂಬುತ್ತದೆ.

ಸೈಪೈನ ಯುನಿವೇರಿಯೇಟ್‌ಸ್ಪ್ಲೈನ್ ಬಳಸುವವರಿಗೆ ವಿಶೇಷ ಎಚ್ಚರಿಕೆ. ಅದರಲ್ಲಿ ಸ್ಮೂತಿಂಗ್ ಸಂಖ್ಯೆ ಕೊಡದಿದ್ದರೆ ಬಿಂದುಗಳ ಸಂಖ್ಯೆಯನ್ನೇ ಅದು ತೆಗೆದುಕೊಳ್ಳುತ್ತದೆ. ತಪ್ಪುಗಳ ವರ್ಗಗಳ ಮೊತ್ತ ಅಷ್ಟರೊಳಗೆ ಬಂದರೆ ಸಾಕು ಎಂದುಕೊಳ್ಳುತ್ತದೆ. ನಿಮ್ಮ ಬೆಲೆಗಳು 0.001ರ ಆಸುಪಾಸಿನಲ್ಲಿದ್ದರೆ ಯಾವ ಗೆರೆ ಹಾಕಿದರೂ ಆ ಮೊತ್ತ ಅಷ್ಟರೊಳಗೇ ಇರುತ್ತದೆ. ಹಾಗಾಗಿ ಒಂದೇ ಒಂದು ಕ್ಯೂಬಿಕ್ ಸಿಗುತ್ತದೆ, ಡೇಟಾದ ಏರಿಳಿತ ಎಲ್ಲ ಮಾಯ. ವೋಲ್ಟ್‌ನಲ್ಲಿದ್ದದ್ದನ್ನು ಮಿಲಿವೋಲ್ಟ್‌ಗೆ ಬದಲಿಸಿದರೆ ಗೆರೆಯ ಆಕಾರವೇ ಬದಲಾದರೆ ಕಾರಣ ಇದೇ. ತೂಕಗಳಿಗೆ 1 ÷ ಅಳತೆಯ ತಪ್ಪು ಎಂದು ಕೊಡಿ, ಸರಿಯಾಗುತ್ತದೆ. ಆ ಅಂದಾಜು ಮೊದಲೇ ಬೇಕು ಎಂದದ್ದು ಇದಕ್ಕೇ.

ಹಂತ 6: ಹಠಾತ್ ಜಿಗಿತ ಇದೆಯೇ ನೋಡಿ

0, 0, 0, 1, 1, 1 ಎಂಬಂತೆ ಡೇಟಾ ಒಮ್ಮೆಲೇ ಹಾರಿದರೆ, ಕ್ಯೂಬಿಕ್ ಸ್ಪ್ಲೈನ್ ಮೇಲಿನ ಮಟ್ಟವನ್ನು ದಾಟಿ ಸುಮಾರು 11% ಮೇಲೆ ಹೋಗುತ್ತದೆ. ಕೆಳಗೂ ಅಷ್ಟೇ ಇಳಿಯುತ್ತದೆ. ಹೆಜ್ಜೆ ಚಿಕ್ಕದು ಮಾಡಿದರೆ ಇದು ಕಿರಿದಾಗುತ್ತದೆ, ಆದರೆ ಎತ್ತರ 11% ಹಾಗೇ ಉಳಿಯುತ್ತದೆ. ಇದು ಅಸ್ಥಿರತೆ ಅಲ್ಲ. ಹಾರಿದ ಜಾಗದಲ್ಲೂ ಎರಡನೇ ಡೆರಿವೇಟಿವ್ ಹೊಂದಬೇಕು ಎಂದು ನಾವೇ ಕೇಳಿದ್ದರ ಬೆಲೆ.

ಟ್ಯಾಂಕಿನ ನೀರಿನ ಮಟ್ಟ, ಸಾಂದ್ರತೆ, ಸಂಭವನೀಯತೆ ಇಂಥವು ಸೊನ್ನೆಗಿಂತ ಕೆಳಗೆ ಹೋಗುವಂತಿಲ್ಲ ಅಲ್ವಾ? ಅಲ್ಲಿ ಪಿಚಿಪ್ ಎಂಬ ಇನ್ನೊಂದು ಬಗೆಯ ಕ್ಯೂಬಿಕ್ ಇಂಟರ್ಪೊಲೇಶನ್ ಬಳಸಿ. 1980ರಲ್ಲಿ ಫ್ರಿಟ್ಶ್ ಮತ್ತು ಕಾರ್ಲ್ಸನ್ ಕೊಟ್ಟ ವಿಧಾನ ಅದರ ಹಿಂದಿದೆ. ಡೇಟಾ ಏರುತ್ತಿದ್ದರೆ ಗೆರೆಯೂ ಏರುತ್ತಲೇ ಇರುತ್ತದೆ, ಮೀರಿ ಹಾರುವುದಿಲ್ಲ. ಬದಲಿಗೆ ಎರಡನೇ ಡೆರಿವೇಟಿವ್ ನಾಟ್‌ಗಳಲ್ಲಿ ತುಂಡಾಗುತ್ತದೆ. 1970ರ ಅಕಿಮಾ ವಿಧಾನ ಇವೆರಡರ ನಡುವಿನದು: ಒಂದು ಹಾಳು ಬಿಂದುವಿನ ಪರಿಣಾಮ ಅಕ್ಕಪಕ್ಕದ ಕೆಲವೇ ತುಂಡುಗಳಲ್ಲಿ ಪೂರ್ತಿ ನಿಂತುಬಿಡುತ್ತದೆ. ಜಿಗಿತದ ಜಾಗ ನಿಮಗೆ ಮೊದಲೇ ಗೊತ್ತಿದ್ದರೆ ಇದಾವುದೂ ಬೇಡ. ಅಲ್ಲಿ ಡೇಟಾವನ್ನು ಎರಡು ಮಾಡಿ ಎರಡು ಸ್ಪ್ಲೈನ್ ಹಾಕಿ.

ಹಂತ 7: ಲೆಕ್ಕದ ದಾರಿ ಸರಿಯಿದೆಯೇ

ನೀವೇ ಕೋಡ್ ಬರೆಯುವವರಾದರೆ ಮಾತ್ರ ಇದು ಬೇಕು. ಒಳ್ಳೆಯ ಲೈಬ್ರರಿ ಬಳಸುತ್ತಿದ್ದರೆ ಇಲ್ಲಿನ ಎರಡನೇ ಮಾತು ಓದಿ ಮುಂದೆ ಹೋಗಿ.

ಒಂದು: ಎಡತುದಿಯಿಂದ ಊಹೆ ಹಿಡಿದು ಮುಂದೆ ಮುಂದೆ ಲೆಕ್ಕ ಮಾಡುತ್ತಾ ಹೋಗಬೇಡಿ. ಕ್ಯೂಬಿಕ್ ಸ್ಪ್ಲೈನ್‌ನ ಇಳಿಜಾರುಗಳಿಗೆ ಸಮ ಅಂತರದಲ್ಲಿ 1, 4, 1 ಎಂಬ ಸಾಲುಗಳ ಸಮೀಕರಣ ಬರುತ್ತದೆ. ಇದನ್ನು ಒಂದೊಂದೇ ಬಿಡಿಸುತ್ತಾ ಹೋದರೆ ತಪ್ಪು ಪ್ರತಿ ಹೆಜ್ಜೆಗೆ 3.73 ಪಟ್ಟು ಬೆಳೆಯುತ್ತದೆ. 28 ಹೆಜ್ಜೆಯಲ್ಲಿ 16 ಅಂಕಿಗಳೂ ಹೋದವು. ಅದೇ ಸಮೀಕರಣಗಳನ್ನು ಒಟ್ಟಿಗೆ, ಮೂರು ಕರ್ಣಗಳ ಮ್ಯಾಟ್ರಿಕ್ಸ್ ಆಗಿ ಬಿಡಿಸಿದರೆ ಕಂಡೀಶನ್ ನಂಬರ್ 3ರ ಆಸುಪಾಸಿನಲ್ಲೇ ಇರುತ್ತದೆ, ಒಂದು ಅಂಕಿಯೂ ಹೋಗುವುದಿಲ್ಲ. ಸಮೀಕರಣ ಒಂದೇ, ಬಿಡಿಸುವ ದಾರಿ ಬೇರೆ. ಥಾಮಸ್ ಅಲ್ಗಾರಿದಮ್ ಎಂದು ಪಾಠದಲ್ಲಿ ಬರುವುದು ಈ ಒಳ್ಳೆಯ ದಾರಿಯೇ.

ಎರಡು: ಅಡ್ಡ ಬೆಲೆಗಳನ್ನು ಸೊನ್ನೆಯ ಹತ್ತಿರ ತನ್ನಿ. ಕಂಪ್ಯೂಟರ್ ಸಮಯ ಸೆಕೆಂಡುಗಳಲ್ಲಿ 170 ಕೋಟಿ ದಾಟಿದೆ. ಅದರ ಘನ 28 ಅಂಕಿಗಳ ಸಂಖ್ಯೆ. 16 ಅಂಕಿ ಮಾತ್ರ ಹಿಡಿಯುವ ಜಾಗದಲ್ಲಿ ಅಂಥ ಎರಡನ್ನು ಕಳೆದರೆ ಉಳಿಯುವುದು ಕಸ. ಮೊದಲ ಸಮಯವನ್ನು ಕಳೆದು, ಗಂಟೆಗೋ ದಿನಕ್ಕೋ ಬದಲಿಸಿ. ಪ್ರತಿ ತುಂಡನ್ನೂ ಅದರ ಎಡ ನಾಟ್‌ನಿಂದ ಅಳೆದ ದೂರದಲ್ಲೇ ಬರೆಯಿರಿ.

ಮೂರು: ಫಿಟ್ಟಿಂಗ್‌ಗೆ ಬಿ-ಸ್ಪ್ಲೈನ್ ದಿಬ್ಬಗಳನ್ನೇ ಬಳಸಿ, ಟ್ರಂಕೇಟೆಡ್ ಪವರ್ ಅಂದರೆ ನಾಟ್ ದಾಟಿದ ಮೇಲೆ ಶುರುವಾಗುವ ಘನಗಳು ಬೇಡ. ಅವು ಕಾಗದದ ಮೇಲೆ ಸುಂದರ, ಲೆಕ್ಕದಲ್ಲಿ ಒಂದಕ್ಕೊಂದು ಎಷ್ಟು ಹೋಲುತ್ತವೆ ಎಂದರೆ ಕಂಪ್ಯೂಟರ್‌ಗೆ ಬೇರೆ ಮಾಡಿ ನೋಡಲು ಆಗುವುದಿಲ್ಲ. ಬಿ-ಸ್ಪ್ಲೈನ್‌ಗಳ ಕಂಡೀಶನ್ ನಂಬರ್‌ಗೆ ನಾಟ್ ಎಲ್ಲಿದ್ದರೂ ಒಂದು ಮಿತಿ ಇದೆ. ಘಾತ ಒಂದು ಏರಿದರೆ ಅದು ಸುಮಾರು ದುಪ್ಪಟ್ಟಾಗುತ್ತದೆ, ಅಷ್ಟೆ. ದ ಬೋರ್ ಮತ್ತು ಕಾಕ್ಸ್ 1972ರಲ್ಲಿ ಕೊಟ್ಟ ಸೂತ್ರದಿಂದ ಅವುಗಳ ಬೆಲೆ ಹುಡುಕಿದರೆ ಕೂಡುವುದೆಲ್ಲ ಧನ ಸಂಖ್ಯೆಗಳನ್ನೇ, ಅಂಕಿ ಕಳೆದುಹೋಗುವ ಸಂದರ್ಭವೇ ಬರುವುದಿಲ್ಲ. ಸಮೀಕರಣ ಬಿಡಿಸಲು ಕ್ಯೂಆರ್ ವಿಧಾನ (ಮ್ಯಾಟ್ರಿಕ್ಸನ್ನು ಎರಡು ಸುಲಭ ಮ್ಯಾಟ್ರಿಕ್ಸ್‌ಗಳ ಗುಣಲಬ್ಧವಾಗಿ ಬಿಡಿಸುವುದು) ಬಳಸಿ. ನಾರ್ಮಲ್ ಸಮೀಕರಣ, ಅಂದರೆ ಮ್ಯಾಟ್ರಿಕ್ಸನ್ನು ಅದರದೇ ಟ್ರಾನ್ಸ್‌ಪೋಸ್‌ನಿಂದ ಗುಣಿಸಿದ್ದು, ಬರೆದರೆ ಕಂಡೀಶನ್ ನಂಬರ್ ವರ್ಗವಾಗುತ್ತದೆ.

ಹಂತ 8: ಡೆರಿವೇಟಿವ್ ಬೇಕಿದ್ದರೆ ಮೊದಲು ಈ ಲೆಕ್ಕ ಹಾಕಿ

ಸ್ಪ್ಲೈನ್‌ನ ಬೆಲೆ ಸ್ಥಿರ ಎಂದರೆ ಅದರ ಡೆರಿವೇಟಿವ್ ಕೂಡ ಸ್ಥಿರ ಎಂದಲ್ಲ. ಒಂದು ಬಿಂದುವಿನ ಬೆಲೆ ತಪ್ಪಾದರೆ ಪಕ್ಕದ ಬಿಂದುವಿನ ಇಳಿಜಾರಿನಲ್ಲಿ ಆಗುವ ತಪ್ಪು 0.8 × ತಪ್ಪು ÷ ಹೆಜ್ಜೆ. ಆ ಬಿಂದುವಿನಲ್ಲೇ ಎರಡನೇ ಡೆರಿವೇಟಿವ್‌ನ ತಪ್ಪು 4.4 × ತಪ್ಪು ÷ ಹೆಜ್ಜೆಯ ವರ್ಗ.

ಸೆಕೆಂಡಿಗೆ 10 ಸಲ ಸ್ಥಾನ ಅಳೆಯುತ್ತಿದ್ದೀರಿ, ತಪ್ಪು 1 ಸೆಂಟಿಮೀಟರ್ ಎಂದುಕೊಳ್ಳಿ. ಹೆಜ್ಜೆ 0.1 ಸೆಕೆಂಡ್. ವೇಗದಲ್ಲಿ ತಪ್ಪು ಸೆಕೆಂಡಿಗೆ 8 ಸೆಂಟಿಮೀಟರ್, ಸಹಿಸಬಹುದು. ವೇಗೋತ್ಕರ್ಷದಲ್ಲಿ 4.4 ಮೀಟರ್ ಪ್ರತಿ ಸೆಕೆಂಡ್ ವರ್ಗ. ಗುರುತ್ವದ ಹೆಚ್ಚುಕಡಿಮೆ ಅರ್ಧ! ಒಂದೇ ಬಿಂದುವಿನ ತಪ್ಪಿಗೆ ಇಷ್ಟು. ಅಳತೆಯನ್ನು ಸೆಕೆಂಡಿಗೆ 100 ಸಲ ಮಾಡಿದರೆ ಇದು ನೂರು ಪಟ್ಟು ಹೆಚ್ಚುತ್ತದೆ. ಎರಡನೇ ಡೆರಿವೇಟಿವ್ ಬೇಕು, ನಾಯ್ಸ್ ಇದೆ ಎಂದಾದರೆ ಹಂತ 5ಕ್ಕೆ ಹಿಂತಿರುಗಿ ಸ್ಮೂತಿಂಗ್ ಮಾಡಲೇಬೇಕು, ಬೇರೆ ದಾರಿ ಇಲ್ಲ.

ಎರಡು ದಿಕ್ಕಿನ ಡೇಟಾ, ಅಂದರೆ ಮೇಲ್ಮೈಗೆ ಸ್ಪ್ಲೈನ್ ಹಾಕುವವರು 1.55ನ್ನು ವರ್ಗ ಮಾಡಿಕೊಳ್ಳಿ: ಸುಮಾರು 2.4. ಉಳಿದದ್ದೆಲ್ಲ ಹೀಗೇ.

ಹಂತ 9: ಹೆಜ್ಜೆ ಅರ್ಧ ಮಾಡಿ ಅನುಪಾತ ನೋಡಿ

ಕೊನೆಯ ಪರೀಕ್ಷೆ. ನಿಮ್ಮ ಸಮಸ್ಯೆಯನ್ನು ಹೋಲುವ, ಉತ್ತರ ಗೊತ್ತಿರುವ ನಯವಾದ ಫಂಕ್ಷನ್ ತೆಗೆದುಕೊಳ್ಳಿ. ಹೆಜ್ಜೆಯನ್ನು ಮತ್ತೆ ಮತ್ತೆ ಅರ್ಧ ಮಾಡಿ, ಪ್ರತಿ ಸಲ ಅತಿ ದೊಡ್ಡ ತಪ್ಪನ್ನು ಹಿಂದಿನ ತಪ್ಪಿನ ಜೊತೆ ಹೋಲಿಸಿ.

ತಪ್ಪು ಪ್ರತಿ ಸಲ 16 ಪಟ್ಟು ಇಳಿಯುತ್ತಿದ್ದರೆ ಎಲ್ಲ ಸರಿ. 4 ಪಟ್ಟು ಮಾತ್ರ ಎಂದರೆ ತುದಿಯ ನಿಯಮ ನೋಡಿ, ಬಹುಶಃ ನ್ಯಾಚುರಲ್ ಹಾಕಿದ್ದೀರಿ. 2 ಪಟ್ಟು ಎಂದರೆ ಫಂಕ್ಷನ್‌ನಲ್ಲಿ ಎಲ್ಲೋ ಮೂಲೆ ಇದೆ, ಆ ಜಾಗದಲ್ಲಿ ಒಡೆಯಿರಿ. ಇಳಿಯುವುದೇ ಇಲ್ಲ ಎಂದರೆ ಜಿಗಿತ. ಮೊದಲು ಚೆನ್ನಾಗಿ ಇಳಿದು, ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟರೆ ಅದು ನಿಮ್ಮ ನಾಯ್ಸ್ ಮಟ್ಟ ಅಥವಾ 16 ಅಂಕಿಗಳ ಮಿತಿ. ಇಳಿದದ್ದು ಮತ್ತೆ ಏರತೊಡಗಿದರೆ ಲೆಕ್ಕದ ದಾರಿ ಕೆಟ್ಟಿದೆ, ಹಂತ 7 ಮತ್ತೆ ಓದಿ.

ರುಂಗೆಯ ಫಂಕ್ಷನ್‌ನಲ್ಲಿ 11ರಿಂದ 21 ಬಿಂದುಗಳಿಗೆ ಹೋದಾಗ ತಪ್ಪು ಆರೇಳು ಪಟ್ಟು ಮಾತ್ರ ಇಳಿಯಿತು, 16 ಅಲ್ಲ. ಅದಕ್ಕೆ ಗಾಬರಿ ಬೇಡ. ಗುಡ್ಡದ ಅಗಲಕ್ಕೆ ಹೋಲಿಸಿದರೆ ಹೆಜ್ಜೆ ಇನ್ನೂ ದೊಡ್ಡದಿದೆ. 41, 81 ಎಂದು ಮುಂದುವರಿಸಿ, 16ರ ಹತ್ತಿರ ಬರುವುದು ಆಮೇಲೆ.